ಕೋಳಿ ತಿರುಗಿದ ಮಣ್ಣು

ಮಾರ್ಚ್ 3, ಸೋಮವಾರ

ಇವತ್ತು ಬೆಳಿಗ್ಗೆ ಅಪ್ಪನ ಇನ್ನೊಬ್ಬ ಮಗಳು ಬಂದಳು. ಹನ್ನೊಂದು ಟರ್ಕಿ ಕೋಳಿಗಳ ಸಮೇತ.

ಈ ಎರಡು ವಾಕ್ಯ ಬರೆದು ಎಷ್ಟು ಹೊತ್ತಾಯಿತೋ. ಮತ್ತೆ ಮತ್ತೆ ಓದುತ್ತಿದ್ದೇನೆ. ಅಕ್ಷರವೇನೋ ನನ್ನದೇ, ಆದರೂ ಬೇರೆ ಯಾರೋ ಬರೆದಿಟ್ಟು ಹೋದ ಹಾಗಿದೆ.

ನಾನು ಗೂಡಿನ ಬಾಗಿಲು ತೆಗೆದು ಕೋಳಿಗಳನ್ನು ಹಿತ್ತಲಿಗೆ ಬಿಡುತ್ತಿದ್ದೆ. ಗೇಟಿನ ಮುಂದೆ ಸಾಮಾನು ಸಾಗಿಸುವ ಆಟೋ ನಿಂತಿತು. ಹಿಂದುಗಡೆ ತಂತಿಬಲೆಯ ಪಂಜರಗಳು, ಒಂದು ಹೊಲಿಗೆ ಯಂತ್ರ, ಎರಡು ಚೀಲ. ಇಪ್ಪತ್ತಾರು ಇಪ್ಪತ್ತೇಳರ ಹುಡುಗಿ ಇಳಿದಳು. ಮಾರಲಿಕ್ಕೆ ಬಂದವಳು ಅಂದುಕೊಂಡು, "ನಮಗೆ ಬೇಡಮ್ಮ, ನಾವು ಕೋಳಿ ಮಾತ್ರ ಸಾಕೋದು" ಅಂದೆ.

"ಗೊತ್ತು," ಅಂದಳು. "ಅಪ್ಪ ಹೇಳಿದ್ರು."

ಯಾರ ಅಪ್ಪ ಎಂದು ಕೇಳಬೇಕು ಅಂತ ನನಗೆ ಅನ್ನಿಸಲೇ ಇಲ್ಲ. ಅವಳು ಎಡಪಾದದ ಮೇಲೆ ಬಲಗಾಲಿನ ಹಿಮ್ಮಡಿ ಊರಿ ನಿಂತಿದ್ದಳು. ಮೊಟ್ಟೆ ಮರಿ ಮಾಡಿಸುವ ಯಂತ್ರಗಳನ್ನು ರಿಪೇರಿ ಮಾಡುತ್ತಾ ನಲವತ್ತು ವರ್ಷ ಊರೂರು ಅಲೆದ ನನ್ನ ಅಪ್ಪ, ಹೋದ ತಿಂಗಳು ಎದೆ ಹಿಡಿದುಕೊಂಡು ಕುಸಿದು ಬೀಳುವವರೆಗೂ ಹೀಗೇ ನಿಲ್ಲುತ್ತಿದ್ದರು.

ಅಮ್ಮ ಸೌಟು ಹಿಡಿದುಕೊಂಡೇ ಹೊರಗೆ ಬಂದರು. ಹುಡುಗಿ ಅವರನ್ನು ನೋಡಿ, "ದೊಡ್ಡಮ್ಮಾ," ಅಂದಳು. ಅಷ್ಟೇ.

ಆಮೇಲೆ ನಿಂತಲ್ಲೇ ಹೇಳಿದಳು. ಗುರುವಾರದಿಂದ ಶನಿವಾರದವರೆಗೆ ಅಪ್ಪ ಇರುತ್ತಿದ್ದದ್ದು ಅವರ ಮನೆಯಲ್ಲಿ. ಅವಳ ಅಮ್ಮ ತೀರಿಕೊಂಡು ಆರು ವರ್ಷ. "ಆ ಗುರುವಾರ ಬರ್ಲಿಲ್ಲ. ಮುಂದಿನ ಗುರುವಾರಾನೂ ಬರ್ಲಿಲ್ಲ. ಫೋನು ಹೋಗ್ತಾನೇ ಇರ್ಲಿಲ್ಲ. ಅವರು ರಿಪೇರಿಗೆ ಹೋಗ್ತಿದ್ದ ಹ್ಯಾಚರಿಗೆ ಹೋಗಿ ಕೇಳ್ದೆ. 'ಅವರು ಹೋಗಿ ಹದಿನಾರು ದಿನ ಆಯ್ತಲ್ಲಮ್ಮ, ನಿಂಗೊತ್ತಿಲ್ವಾ' ಅಂದ್ರು." ಬಾಡಿಗೆ ಮನೆ ಮಾರಾಟವಾಗಿದೆಯಂತೆ. ಖಾಲಿ ಮಾಡಿಸಿದರಂತೆ.

ಅಮ್ಮ ಈಗ ಕೂಗಾಡುತ್ತಾರೆ, ಈಗ ಕುಸಿದು ಬೀಳುತ್ತಾರೆ ಎಂದು ಅವರ ತೋಳು ಹಿಡಿದುಕೊಂಡೆ. ಅಮ್ಮ ಪಂಜರಗಳ ಕಡೆ ನೋಡಿ, "ಇವಕ್ಕೆ ನೀರು ಕುಡಿಸಿದ್ಯಾ?" ಅಂದರು.

ಅಮ್ಮನಿಗೆ ತಲೆ ಕೆಟ್ಟಿದೆ.

ಮಾರ್ಚ್ 4, ಮಂಗಳವಾರ

ಟರ್ಕಿಗಳನ್ನು ಎಲ್ಲಿಡುವುದು ಎಂಬ ಮಾತು ಬಂತು. "ಅವರ ಕೆಲಸದ ಕೋಣೆ ಖಾಲಿ ಮಾಡಿದ್ರೆ ಆಗಲ್ವಾ? ಸಿಮೆಂಟು ನೆಲ, ಗಾಳಿ ಬೆಳಕೂ ಇದೆ," ಅಂದರು ಅಮ್ಮ. ಆ ಕೋಣೆಗೆ ಬೀಗ ಜಡಿದವಳು ನಾನು. ಕೀಲಿಕೈ ನನ್ನ ಹತ್ತಿರವೇ ಇದೆ. "ಅಪ್ಪನ ಕೋಣೆ ತಂಟೆಗೆ ಯಾರೂ ಬರಬೇಡಿ," ಎಂದು ಕಿರುಚಿಬಿಟ್ಟೆ. ಎಪ್ಪತ್ತು ಕೋಳಿಗಳೂ ಒಮ್ಮೆಗೇ ಕತ್ತೆತ್ತಿದವು.

ಹಿತ್ತಲಿನ ಹಳೆಯ ಗೂಡು ತೋರಿಸಿದೆ. ನಮ್ಮ ಕೋಳಿಗಳು ಹಗಲೆಲ್ಲ ಕೆದರುವ ಜಾಗ. ಬಂದವಳು ಕಾಲ್ಬೆರಳಿಂದ ಮಣ್ಣು ಕೆದಕಿ ನೋಡಿದಳು.

"ಇಲ್ಲೇನಾ?"

"ಇಲ್ಲೇ. ಬೇರೆ ಜಾಗ ಇಲ್ಲ. ಬೇಕಾದ್ರೆ ಇಡಿ."

ಪಂಜರಗಳ ಕಡೆ ಒಮ್ಮೆ ನೋಡಿ, "ಆಯ್ತು," ಅಂದಳು.

ಒಂದು ವಿಷಯ ಇಲ್ಲಿ ಬರೆಯುತ್ತೇನೆ, ಬೇರೆಲ್ಲೂ ಹೇಳುವುದಿಲ್ಲ. ಹದಿನೈದು ವರ್ಷದವಳಿದ್ದಾಗ ನಮಗೂ ಟರ್ಕಿ ಬೇಕು ಎಂದು ಅಪ್ಪನ ಹತ್ತಿರ ಹಠ ಹಿಡಿದಿದ್ದೆ. "ಕೋಳಿ ತಿರುಗಿದ ಮಣ್ಣಲ್ಲಿ ಟರ್ಕಿ ಬದುಕಲ್ಲ ಮರೀ," ಎಂದಿದ್ದರು. ಇಪ್ಪತ್ತೆಂಟು ವರ್ಷ ಅದನ್ನು ನಂಬಿಕೊಂಡು ಬಂದೆ. ಈಗ ಗೊತ್ತಾಯಿತು, ಟರ್ಕಿಗಳನ್ನು ಅವರು ಆ ಮನೆಗೆ ಮೀಸಲಿಟ್ಟಿದ್ದರು, ಅಷ್ಟೇ. ಗುರುವಾರ ಕೆಲಸವಿದೆ ಅಂದದ್ದು ಸುಳ್ಳು. ಮಳೆ, ಬಸ್ಸು ತಪ್ಪಿತು ಅಂದದ್ದು ಸುಳ್ಳು. ಇದೊಂದು ಮಾತು ಮಾತ್ರ ಯಾಕೆ ನಿಜವಿರಬೇಕು?

ನೋಡೇಬಿಡೋಣ.

ಮಾರ್ಚ್ 7, ಶುಕ್ರವಾರ

ಟರ್ಕಿಗಳಲ್ಲಿ ಒಂದು ದೊಡ್ಡ ಗಂಡಿದೆ. ಎರಡು ವಯಸ್ಸಾದ ಹೆಣ್ಣು, ಉಳಿದ ಎಂಟು ನಾಲ್ಕು ತಿಂಗಳ ಎಳೆಯವು. ಗಂಡು ಬಾಲ ಬಿಚ್ಚಿ, ಮೂತಿಯ ಮೇಲೆ ಕೆಂಪು ಮಾಂಸ ಜೋತಾಡಿಸಿಕೊಂಡು ಹಿತ್ತಲಲ್ಲಿ ಮೆರವಣಿಗೆ ಹೊರಟರೆ ನಮ್ಮ ಹುಂಜ ತೊಟ್ಟಿಯ ಹಿಂದೆ ಅಡಗಿಕೊಳ್ಳುತ್ತದೆ. ಮೂರು ದಿನದಿಂದ ಅದು ಕೂಗಿಯೇ ಇಲ್ಲ. ಪಾಪ, ಅದರ ಮರ್ಯಾದೆ ಮೂರು ಕಾಸಿಗೆ ಹೋಯಿತು.

ಇವತ್ತು ಅಮ್ಮ ಕುಕ್ಕರ್ ಇಟ್ಟಿದ್ದರು. ಸೀಟಿ ಹೊಡೆದದ್ದೇ ತಡ, ಹಿತ್ತಲಿಂದ ಆ ದೊಡ್ಡದು ಗಳಗಳಗಳ ಎಂದು ಉತ್ತರ ಕೊಟ್ಟಿತು. ಎರಡನೇ ಸೀಟಿಗೂ ಕೊಟ್ಟಿತು. ಮೂರನೆಯದಕ್ಕೆ ಅಮ್ಮ ನಕ್ಕುಬಿಟ್ಟರು. ಅಪ್ಪ ಹೋದ ಮೇಲೆ ಮೊದಲ ನಗು, ಅದೂ ಅವಳ ಟರ್ಕಿಯಿಂದ. ನನ್ನ ಮೈ ಉರಿಯಿತು.

"ಅಪ್ಪ ಹಾಡಿದ್ರೂ ಹೀಗೇ ಕೂಗ್ತಿತ್ತು," ಅಂದಳು ಬಂದವಳು, ಹೊಲಿಯುತ್ತಿದ್ದ ಶಾಲಾ ಚೀಲದಿಂದ ತಲೆ ಎತ್ತದೆ.

ಅಮ್ಮನ ನಗು ನಿಂತಿತು. "ಅವರು ಹಾಡ್ತಿದ್ರಾ?"

"ಹ್ಞೂಂ. ರಿಪೇರಿ ಮಾಡ್ತಾ ಕೂತ್ರೆ ಹಾಡ್ತಾನೇ ಇರ್ತಿದ್ರು. ಇಲ್ಲಿ ಹಾಡ್ತಿರ್ಲಿಲ್ವಾ?"

ನಲವತ್ತೈದು ವರ್ಷದ ಸಂಸಾರ. ಅಪ್ಪ ಒಂದು ಸಲ ಗುನುಗಿದ್ದೂ ನಾನು ಕೇಳಿಲ್ಲ. ಇನ್ನೊಬ್ಬಳು ಹೆಂಡತಿ ಇದ್ದಳು ಎಂದಾಗ ಟರ್ಕಿಗೆ ನೀರು ಕುಡಿಸಿದ್ಯಾ ಎಂದು ಕೇಳಿದ ಅಮ್ಮ, ಈ ಮಾತಿಗೆ ಊಟ ಬಿಟ್ಟರು.

ಮಾರ್ಚ್ 12, ಬುಧವಾರ

ಮೊಟ್ಟೆ ಒಯ್ಯಲು ಬಂದ ಅಂಗಡಿಯವನು, "ಯಾರಿದು, ಹೊಸಬರು?" ಎಂದ. "ಬಾಡಿಗೆಗೆ ಬಂದವರು," ಎಂದೆ. ಅವಳು ನನ್ನ ಬೆನ್ನ ಹಿಂದೆಯೇ ಮೊಟ್ಟೆ ಟ್ರೇ ಹಿಡಿದು ನಿಂತಿದ್ದಳು. ಟ್ರೇ ಅವನ ಕೈಗೆ ಕೊಟ್ಟು ಒಳಗೆ ಹೋದಳು.

ಟರ್ಕಿಗಳು ಗುಂಡುಕಲ್ಲಿನ ಹಾಗಿವೆ. ಕೋಳಿಗಳ ಜೊತೆಯೇ ಮೇಯುತ್ತಿವೆ. ಎಂಟು ದಿನವಾಯಿತು, ಏನೂ ಆಗಿಲ್ಲ. ಅಪ್ಪನ ಇನ್ನೊಂದು ಸುಳ್ಳು ಸಿಕ್ಕಿಬಿತ್ತು.

ಮಾರ್ಚ್ 16, ಭಾನುವಾರ

ಎಳೆಯದೊಂದು ನಿನ್ನೆಯಿಂದ ರೆಕ್ಕೆ ಜೋತುಬಿಟ್ಟುಕೊಂಡು ಮೂಲೆಯಲ್ಲಿ ನಿಂತಿತ್ತು. ಕಣ್ಣು ಮುಚ್ಚಿತ್ತು, ನಿಂತಲ್ಲೇ ತೂಗುತ್ತಿತ್ತು. ಕೆಳಗೆ ಹಿಕ್ಕೆ ಹಳದಿ, ಗಂಧಕ ಕಲಸಿ ಚೆಲ್ಲಿದ ಹಾಗೆ. ಇಪ್ಪತ್ತು ವರ್ಷದಿಂದ ಕೋಳಿ ಸಾಕಿದ್ದೇನೆ, ಇಂಥ ಬಣ್ಣ ನೋಡಿಲ್ಲ.

ಮಧ್ಯಾಹ್ನ ಸತ್ತಿತು. ಅವಳು ಅಳಲಿಲ್ಲ. ಅದರ ಕಾಲುಗಳನ್ನು ಜೋಡಿಸಿ, ಹಳೇ ಬಟ್ಟೆಯಲ್ಲಿ ಸುತ್ತಿದಳು.

ಒಂದು ಸತ್ತರೆ ಏನೂ ಅರ್ಥವಲ್ಲ. ಬಿಸಿಲಿಗೂ ಇರಬಹುದು.

ಮಾರ್ಚ್ 17, ಸೋಮವಾರ

ಇನ್ನೆರಡು.

ಸಂಜೆ ಅವಳು ಕೈ ತೊಳೆದುಕೊಂಡು ಬಂದು ನನ್ನೆದುರು ನಿಂತಳು. "ಒಂದು ಕೇಳ್ಲಾ? ನೀವೇನಾದ್ರೂ ಹಾಕಿದ್ರಾ ಅವಕ್ಕೆ?"

"ಏನು ಹಾಕೋದು?"

"ವಿಷ."

ಬೈಯಬೇಕಿತ್ತು, ಹೊಸ್ತಿಲು ದಾಟಿ ಆಚೆ ನಡಿ ಅನ್ನಬೇಕಿತ್ತು. ಅದೇನೂ ಮಾಡದೆ ಸೀದಾ ಸಾಮಾನಿನ ಕೊಟ್ಟಿಗೆಗೆ ಹೋಗಿ ಇಲಿ ಪಾಷಾಣದ ಪೊಟ್ಟಣ ತೆಗೆದು ನೋಡಿದೆ. ಅಂಟಿಸಿದ್ದು ಅಂಟಿಸಿದ ಹಾಗೇ ಇತ್ತು. ಆಗ ಉಸಿರು ಬಂತು.

ಆಮೇಲೆ ಗಾಬರಿಯಾಯಿತು. ನಾನು ಯಾಕೆ ಹೋಗಿ ನೋಡಿದೆ? ನನ್ನ ಕೈ ಏನು ಮಾಡಿದೆ ಎಂದು ನನಗೇ ಗೊತ್ತಿರಲಿಲ್ಲವೇ?

ಮಾರ್ಚ್ 18, ಮಂಗಳವಾರ

ಬೆಳಿಗ್ಗೆ ನಾಲ್ಕನೆಯದು ಸತ್ತಿತು. ಅದನ್ನು ಚೀಲದಲ್ಲಿಟ್ಟು ಪಶು ಆಸ್ಪತ್ರೆಗೆ ಹೋದೆ. ನಾನಾಗಿಯೇ ಹೋದೆ, ವಿಷವಲ್ಲ ಎಂದು ಸಾಬೀತು ಮಾಡಲು. ಅಲ್ಲಿನ ಡಾಕ್ಟರು, ನನ್ನಷ್ಟೇ ವಯಸ್ಸಿನ ಹೆಂಗಸು, "ಉಳಿದವನ್ನೂ ನೋಡ್ಬೇಕು, ನಡೀರಿ" ಎಂದು ಸ್ಕೂಟರಿನಲ್ಲಿ ನನ್ನ ಜೊತೆಯೇ ಬಂದರು. ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಅದನ್ನು ಕೊಯ್ದರು. ಅವಳೂ ಪಕ್ಕದಲ್ಲಿ ನಿಂತಳು.

ಪಿತ್ತಜನಕಾಂಗದ ಮೇಲೆಲ್ಲ ದುಂಡು ದುಂಡು ಕಲೆ, ನಡುವೆ ತಗ್ಗು, ಯಾರೋ ಬೆರಳೊತ್ತಿ ಗುರುತು ಮಾಡಿದ ಹಾಗೆ. ಡಾಕ್ಟರು ಚಾಕು ಕೆಳಗಿಟ್ಟರು.

"ಇವನ್ನ ಕೋಳಿ ಜೊತೆ ಬಿಟ್ಟಿದ್ರಾ?"

"ಹೌದು."

"ಎಷ್ಟು ದಿನದಿಂದ?"

"ಎರಡು ವಾರ."

"ಅದೇ. ಕೋಳಿ ಹೊಟ್ಟೇಲಿ ಒಂದು ಜಂತು ಇರುತ್ತೆ. ಈ ಕಾಯಿಲೆ ಅದರ ಮೊಟ್ಟೆ ಒಳಗೆ ಕೂತು ಹಿಕ್ಕೆ ಜೊತೆ ಮಣ್ಣಿಗೆ ಬೀಳುತ್ತೆ. ಕೋಳಿಗೆ ಸಾಮಾನ್ಯವಾಗಿ ಏನೂ ಆಗಲ್ಲ, ಚೆನ್ನಾಗೇ ಇರ್ತವೆ. ಟರ್ಕಿಗೆ ಹತ್ತಿದ್ರೆ ಮುಗೀತು. ಮಣ್ಣಲ್ಲಿ ವರ್ಷಗಟ್ಟಲೆ ಉಳಿಯುತ್ತೆ."

"ಔಷಧಿ?" ಅಂದಳು ಅವಳು.

"ಜಂತಿನ ಔಷಧಿ ಬರ್ಕೊಡ್ತೀನಿ. ಆದ್ರೆ ಹತ್ತಿದ್ದಕ್ಕೆ ನಂಬಿಕೊಳ್ಳೋ ಅಂಥ ಔಷಧಿ ಇಲ್ಲಮ್ಮ. ಚೆನ್ನಾಗಿರೋವನ್ನ ಮಣ್ಣು ಬಿಡಿಸಿ ಸಿಮೆಂಟು ನೆಲದ ಮೇಲಿಡಿ. ಕಾಯಿಲೆ ಬಿದ್ದವನ್ನ ಬೇರೆ ಇಡಿ." ಕೈ ತೊಳೆಯುತ್ತಾ ನಮ್ಮಿಬ್ಬರನ್ನೂ ನೋಡಿದರು. "ಟರ್ಕಿ ಸಾಕೋರಿಗೆ ಇದು ಗೊತ್ತಿರುತ್ತಲ್ಲ. ಯಾರೂ ಹೇಳಿರ್ಲಿಲ್ವಾ ನಿಮಗೆ?"

"ಇಲ್ಲ," ಎಂದೆ ನಾನು.

ಅವಳು ಬಗ್ಗಿ ಕಲ್ಲಿನ ಮೇಲಿನ ಪುಕ್ಕ ಆರಿಸತೊಡಗಿದಳು.

ಅಪ್ಪ ಹೇಳಿದ್ದರು. ಇಷ್ಟು ವರ್ಷದ ಅಷ್ಟೊಂದು ಸುಳ್ಳಿನ ನಡುವೆ ಅವರು ನನಗೆ ಹೇಳಿದ್ದ ನಿಜ ಅದೊಂದೇ ಇರಬೇಕು. ಅದನ್ನೇ ಹುಡುಕಿ ಹುಡುಕಿ ನಾನು ಸುಳ್ಳು ಮಾಡಹೊರಟೆ. ಕಲ್ಲಿನ ಮೇಲೆ ಇನ್ನೂ ರಕ್ತವಿದೆ. ಕೋಳಿಗಳು ಅದರ ಸುತ್ತ ಕೆದರುತ್ತಿವೆ, ಹೊಳೆಯುತ್ತಿವೆ, ಒಂದೊಂದೂ ಆರೋಗ್ಯದ ಗಣಿ. ನೋಡಲಾಗದೆ ಎಲ್ಲವನ್ನೂ ಹಗಲಲ್ಲೇ ಗೂಡಿಗೆ ಅಟ್ಟಿದೆ.

ಮಾರ್ಚ್ 19, ಬುಧವಾರ

ಕೀಲಿಕೈ ತೆಗೆದು ಅಪ್ಪನ ಕೋಣೆ ಖಾಲಿ ಮಾಡಿದೆ. ಅಮ್ಮ ಸ್ಪ್ಯಾನರುಗಳನ್ನು ಡಬ್ಬಕ್ಕೆ ತುಂಬಿದರು, ಅವಳು ಬಕೆಟ್ಟುಗಟ್ಟಲೆ ನೀರು ಹೊತ್ತಳು, ನಾನು ಸುಣ್ಣ ಹಾಕಿ ನೆಲ ತಿಕ್ಕಿದೆ.

ಬಾಗಿಲ ಹಿಂದೆ ಎರಡು ಜೊತೆ ಗಮ್‌ಬೂಟು ಇದ್ದವು. ಪ್ರತಿ ಬುಧವಾರ ಸಂಜೆ ಅಪ್ಪ ಅವನ್ನು ಬ್ರಷ್ಷು ಹಾಕಿ ಉಜ್ಜುತ್ತಿದ್ದರು. ಅಷ್ಟು ಶುಚಿಯ ಮನುಷ್ಯ ಎಂದು ನನಗೆ ಹೆಮ್ಮೆ. ತಿರುಗಿಸಿ ನೋಡಿದೆ. ಒಂದು ಜೊತೆಯ ತಳದಲ್ಲಿ ಬಿಳಿ ಬಣ್ಣದಲ್ಲಿ "ಇಲ್ಲಿ" ಎಂದು ಬರೆದಿತ್ತು. ಇನ್ನೊಂದರಲ್ಲಿ "ಅಲ್ಲಿ".

ಅಮ್ಮನಿಗೆ ತೋರಿಸಬಾರದು ಅಂದುಕೊಂಡೆ. ಅಷ್ಟರಲ್ಲಿ ಅವರು ನೋಡಿಯೇಬಿಟ್ಟಿದ್ದರು. ಕೈಗೆ ತೆಗೆದುಕೊಂಡು ಬಹಳ ಹೊತ್ತು ಓದಿದರು, ಇರುವುದು ಒಂದೊಂದು ಪದವಾದರೂ. "ಕೋಳಿ ಮಣ್ಣು ಟರ್ಕಿಗೆ ತಾಗಬಾರದು ಅಂತ ಎಷ್ಟು ಎಚ್ಚರ ನೋಡು ಮನುಷ್ಯನಿಗೆ," ಎಂದರು. ನಾಲ್ಕನ್ನೂ ಹೊರಗೆ ಎಸೆದು ಬಂದು ಮತ್ತೆ ಸ್ಪ್ಯಾನರು ತುಂಬಲು ಕುಳಿತರು.

ಉಳಿದದ್ದು ಏಳು. ಎರಡು ಆಗಲೇ ತೂಕಡಿಸುತ್ತಿವೆ, ಅವು ಬುಟ್ಟಿಯಲ್ಲಿ. ಐದು ಅಪ್ಪನ ಕೋಣೆಯಲ್ಲಿ. ಆ ದೊಡ್ಡದು ಕಿಟಕಿಯ ಕಟ್ಟೆ ಹತ್ತಿ ಕುಳಿತಿದೆ.

ಮಾರ್ಚ್ 21, ಶುಕ್ರವಾರ

ಬುಟ್ಟಿಯ ಎರಡೂ ಹೋದವು. ಗುಂಡಿ ನಾನು ತೋಡಿದೆ. ನೀವು ತೋಡ್ಬೇಡಿ ಅಂದಳು. ಸುಮ್ನೆ ಇರಿ ಅಂದೆ.

ಮಾರ್ಚ್ 24, ಸೋಮವಾರ

ನಿನ್ನೆ ವಯಸ್ಸಾದ ಹೆಣ್ಣೊಂದು ಹೋಯಿತು. ಇವತ್ತು ಆ ದೊಡ್ಡದು.

ಎರಡು ದಿನದಿಂದ ಬಾಲ ಬಿಚ್ಚಿರಲಿಲ್ಲ. ಬೆಳಿಗ್ಗೆ ಅವಳು ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ನಾನು ಹತ್ತಿ ನೆನೆಸಿ ಅದರ ಕೊಕ್ಕಿಗೆ ನೀರು ಹಿಂಡುತ್ತಿದ್ದೆ. ಅದು ಹೋದದ್ದು ನಮಗೆ ತಕ್ಷಣ ಗೊತ್ತಾಗಲಿಲ್ಲ. ನಾನು ಇನ್ನೂ ನೀರು ಹಿಂಡುತ್ತಲೇ ಇದ್ದೆ, ಅದು ಕೊಕ್ಕಿನ ಪಕ್ಕದಿಂದ ಅವಳ ಬಟ್ಟೆಗೆ ಇಳಿಯುತ್ತಿತ್ತು.

ಅದೇ ಹೊತ್ತಿಗೆ ಅಡುಗೆಮನೆಯಲ್ಲಿ ಕುಕ್ಕರ್ ಸೀಟಿ ಹೊಡೆಯಿತು. ಮೂವರೂ ಕಾದೆವು. ಅಮ್ಮ ಒಲೆ ಆರಿಸಿದರು.

"ಇನ್ಮೇಲೆ ಪಾತ್ರೇಲೇ ಬೇಯಿಸ್ತೀನಿ," ಅಂದರು.

ಮಾರ್ಚ್ 25, ಮಂಗಳವಾರ

ತಡೆಯಲಾಗಲಿಲ್ಲ. ಕೋಣೆಯಲ್ಲಿ ಉಳಿದ ಮೂರಕ್ಕೆ ಮೇವು ಹಾಕುತ್ತಿದ್ದಳು. ಬಾಗಿಲಲ್ಲೇ ನಿಂತು ಹೇಳಿದೆ.

"ನಿಂಗೊಂದು ವಿಷಯ ಹೇಳ್ಬೇಕು. ಡಾಕ್ಟರ ಹತ್ರ ನಾನು ಸುಳ್ಳು ಹೇಳ್ದೆ. ಅಪ್ಪ ನಂಗೆ ಹೇಳಿದ್ರು, ಕೋಳಿ ಮಣ್ಣಲ್ಲಿ ಟರ್ಕಿ ಉಳಿಯಲ್ಲ ಅಂತ. ಗೊತ್ತಿದ್ದೂ ಅಲ್ಲಿ ಬಿಡಿಸ್ದೆ."

ಅವಳು ಮೇವಿನ ತಟ್ಟೆ ನೆಲಕ್ಕಿಟ್ಟಳು. ಹೊಡೆದರೂ ಹೊಡೆಸಿಕೊಳ್ಳಬೇಕು ಎಂದು ನಾನು ನಿಂತೇ ಇದ್ದೆ.

"ನಂಗೂ ಗೊತ್ತಿತ್ತು," ಅಂದಳು.

ನನಗೆ ಕೇಳಿಸಿತು, ಅರ್ಥವಾಗಲಿಲ್ಲ.

"ಪ್ರತಿ ಗುರುವಾರ ಗೇಟಲ್ಲಿ ಬೂಟು ಬದಲಾಯಿಸಿಯೇ ಒಳಗೆ ಬರ್ತಿದ್ರು. ಚಿಕ್ಕಂದಿನಿಂದ ನೋಡಿದೀನಿ. ಇಲ್ಲಿ ಆಟೋ ಇಳಿದಾಗ್ಲೇ ನಿಮ್ಮ ಕೋಳಿ ಕಾಣಿಸ್ತು. ವಾಪಸ್ ತಿರುಗಿಸ್ಬೇಕಿತ್ತು. ಎಲ್ಲಿಗೆ ತಿರುಗಿಸ್ಲಿ?"

"ಬಾಯಿ ಬಿಟ್ಟು ಹೇಳಿದ್ರೆ ಈ ಕೋಣೆ ಅವತ್ತೇ ಕೊಡ್ತಿದ್ನಲ್ಲೇ!"

"ಕೊಡ್ತಿದ್ರಾ?"

ನನ್ನ ಕೈ ಬಾಗಿಲ ಚಿಲಕದ ಮೇಲೆ ಹೋಯಿತು.

"ಹೇಳಿದ್ರೆ, 'ಹಾಗಾದ್ರೆ ಟರ್ಕಿ ಇಲ್ಲಿರೋಕಾಗಲ್ಲ, ಎಲ್ಲಾದ್ರೂ ಕರ್ಕೊಂಡು ಹೋಗು' ಅಂತಿದ್ರಿ. ಅವುಗಳ ಜೊತೆ ನಾನೂ ಹೋಗ್ಬೇಕಾಗ್ತಿತ್ತು. ಅವು ಹೋದ್ರೆ ಹೋಗ್ಲಿ ಅನ್ಕೊಂಡೆ. ಸಾಕಿದ್ದು ನಾನೇ, ಮೊಟ್ಟೆಯಿಂದ." ಆಗ ಅವಳು ಅತ್ತಳು. ಬಂದ ದಿನದಿಂದ ಮೊದಲ ಸಲ.

"ಮತ್ತೆ ವಿಷ ಹಾಕಿದ್ರಾ ಅಂತ ನನ್ನ ಯಾಕೆ ಕೇಳ್ದೆ?"

"ನೀವು ಹ್ಞೂಂ ಅಂದಿದ್ರೆ, ಕೊಂದಿದ್ದು ನಾನಲ್ಲ ಅಂತ ಆಗ್ತಿತ್ತಲ್ಲ."

ನೆಲದ ಮೇಲೆ ಕುಳಿತುಬಿಟ್ಟೆ. ಎಳೆಯ ಟರ್ಕಿಯೊಂದು ಬಂದು ನನ್ನ ಬಳೆ ಕುಕ್ಕಿತು. ಮನೆ ಬೇಕೆಂದು ತಾನು ಸಾಕಿದ್ದನ್ನೇ ಸಾವಿಗೆ ಬಿಟ್ಟವಳು ಒಬ್ಬಳು; ಸತ್ತವರ ಮೇಲಿನ ಸಿಟ್ಟಿಗೆ ಅವನ್ನೇ ಮಣ್ಣಿಗೆ ತಳ್ಳಿದವಳು ಇನ್ನೊಬ್ಬಳು. ಇದರಲ್ಲಿ ಯಾರು ಯಾರನ್ನು ಕ್ಷಮಿಸುವುದು? ಎಷ್ಟು ಹೊತ್ತು ಹಾಗೆ ಕೂತಿದ್ದೆವೋ. ಅಮ್ಮ ಬಂದು, "ಇಬ್ರೂ ಊಟಕ್ಕೆ ಬರ್ತೀರೋ, ಇಲ್ಲ ನಾನೂ ಇಲ್ಲೇ ಬಂದು ಕೂರ್ಲೋ," ಅಂದರು.

ಏಪ್ರಿಲ್ 2, ಬುಧವಾರ

ಮೂರೂ ಮೇವು ತಿನ್ನುತ್ತಿವೆ. ಹಿಕ್ಕೆ ಸರಿಯಾಗಿದೆ. ಬೆಳಿಗ್ಗೆ ಎದ್ದ ಕೂಡಲೇ ಹಿಕ್ಕೆ ನೋಡಿ ಸಂತೋಷಪಡುವ ಮಟ್ಟಕ್ಕೆ ಬಂದಿದ್ದೇವೆ. ನೊಣ ಬಾರದಂತೆ ಕಿಟಕಿಗೆ ಅವಳು ಪರದೆ ಹೊಲಿದಳು; ಬಟ್ಟೆ ಸಾಲದೆ ಅರ್ಧಕ್ಕೆ ಶಾಲಾ ಚೀಲದ ನೀಲಿ ತುಂಡು ಸೇರಿಸಿದ್ದಾಳೆ. ನಾನು ಕೋಳಿ ಹಿತ್ತಲಿಂದ ಬಂದರೆ ಚಪ್ಪಲಿ ಬಿಟ್ಟು, ಕಾಲು ತೊಳೆದೇ ಒಳಗೆ ಕಾಲಿಡಬೇಕು. ಮರೆತರೆ ಅಮ್ಮ ಬೈಯುತ್ತಾರೆ.

ಮೊಟ್ಟೆ ಅಂಗಡಿಯವನು, "ಬಾಡಿಗೆಯವರು ಇನ್ನೂ ಇದಾರಾ?" ಎಂದ. "ಯಾವ ಬಾಡಿಗೆಯವರು? ನಮ್ಮನೇಲಿ ಬಾಡಿಗೆಗೆ ಯಾರಿದಾರೆ?" ಎಂದೆ. ಬೇಡದ ವಿಚಾರವೆಲ್ಲ ಈ ಮನುಷ್ಯನಿಗೆ ಬೇಕು.

ಏಪ್ರಿಲ್ 9, ಬುಧವಾರ

ಡಾಕ್ಟರು ಬಂದು ನೋಡಿ, ಮೂರೂ ಗೆದ್ದ ಹಾಗೆಯೇ ಅಂದರು. ಆದರೆ ಎಪ್ಪತ್ತು ಕೋಳಿ ಇರುವ ಮನೆಯಲ್ಲಿ ಎಷ್ಟು ದಿನ ಕಾಯುತ್ತೀರಿ ಎಂದು ಕೇಳಿದರು. ಊರಿನ ಆ ತುದಿಯಲ್ಲಿ ಒಬ್ಬ ನಿವೃತ್ತ ಮೇಷ್ಟರ ಮನೆಯ ಹಿಂಭಾಗ ಖಾಲಿ ಇದೆಯಂತೆ. ಎರಡು ಕೋಣೆ, ಸಿಮೆಂಟು ಅಂಗಳ, ಕೋಳಿಯ ಸೋಂಕೇ ಇಲ್ಲವಂತೆ. ಬಾಡಿಗೆಯೂ ಅವಳ ಹೊಲಿಗೆಯಿಂದ ನಿಭಾಯಿಸುವಷ್ಟೇ.

ಒಳ್ಳೆಯದೇ ಆಯಿತು. ಅವಳಿಗೂ ಒಂದು ನೆಲೆ ಬೇಕಲ್ಲ. ಅಮ್ಮ ಯಾಕೋ ಮಧ್ಯಾಹ್ನದಿಂದ ಪಾತ್ರೆ ಕುಕ್ಕುತ್ತಿದ್ದಾರೆ.

ಏಪ್ರಿಲ್ 20, ಭಾನುವಾರ

ಇಬ್ಬರೂ ಜಾಗ ನೋಡಿಕೊಂಡು ಬಂದೆವು. ಆದದ್ದನ್ನು ಆದ ಹಾಗೇ ಬರೆಯುತ್ತೇನೆ.

ಜಾಗ ಅಂಗೈಯಷ್ಟು ನಿರ್ಮಲ. ಗೋಡೆಗೆ ಹೊಸ ಸುಣ್ಣ, ಅಂಗಳದಲ್ಲಿ ಒಂದು ಕಸವಿಲ್ಲ. ಮೇಷ್ಟರು, "ನಲವತ್ತು ವರ್ಷದಿಂದ ಇಲ್ಲಿ ಒಂದು ಕೋಳಿ ಕಾಲಿಟ್ಟಿಲ್ಲ, ನಮ್ಮನೆಯವಳಿಗೆ ಅದರ ವಾಸನೆಯೇ ಆಗಲ್ಲ," ಎಂದರು. ಅವಳು ಹೊಲಿಗೆ ಯಂತ್ರ ಎಲ್ಲಿಡಬಹುದು ಎಂದು ಕಿಟಕಿಯ ಕೆಳಗೆ ಮೊಳ ಹಾಕಿ ಅಳೆಯುತ್ತಿದ್ದಳು. ಒಂದು ಮೊಳ, ಎರಡು ಮೊಳ. ಸರಿಯಾಗಿ ಹಿಡಿಸುತ್ತಿತ್ತು.

ಅಂಗಳದ ಮೂಲೆಯಲ್ಲಿ ನೀರು ಹೋಗುವ ಕಿಂಡಿಯ ಹತ್ತಿರ ಒಂದು ಬೂದು ಪುಕ್ಕ ಬಿದ್ದಿತ್ತು. ಎತ್ತಿಕೊಂಡೆ. ತೆಳು ಕಡ್ಡಿ, ತುದಿಯಲ್ಲಿ ಕಪ್ಪು ಪಟ್ಟಿ. ತಲೆಯ ಮೇಲೆ ಸಜ್ಜದ ತುಂಬ ಪಾರಿವಾಳಗಳು ಗುಟುರು ಹಾಕುತ್ತಿದ್ದವು.

"ಇಲ್ಲಿ ಕೋಳಿ ಓಡಾಡಿದೆ," ಎಂದೆ.

ಸುಳ್ಳು ಇಷ್ಟು ಸಲೀಸಾಗಿ ಬಾಯಿಗೆ ಬಂದದ್ದಕ್ಕೆ ನಾನೇ ದಂಗಾದೆ. ಹಿಂದಕ್ಕೆ ಮಾತ್ರ ತೆಗೆದುಕೊಳ್ಳಲಿಲ್ಲ.

"ಏನಮ್ಮ ನೀವು! ಅದು ಪಾರಿವಾಳದ್ದು!" ಎಂದರು ಮೇಷ್ಟರು.

ಅವಳು ಎದ್ದು ಬಂದು ನನ್ನ ಕೈಯಿಂದ ಪುಕ್ಕ ತೆಗೆದುಕೊಂಡಳು. ಬೆಳಕಿಗೆ ಹಿಡಿದು ತಿರುಗಿಸಿ ನೋಡಿದಳು. ನಡೆಯಲು ಕಲಿತಾಗಿನಿಂದ ಹಕ್ಕಿಗಳ ನಡುವೆ ಬೆಳೆದವಳು. ತಲೆ ಎತ್ತಿ ಸಜ್ಜದ ಕಡೆಗೂ ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು.

"ಹೌದು," ಅಂದಳು. "ಕೋಳೀದೇ. ಈ ಜಾಗ ಆಗಲ್ಲ ಅಕ್ಕ."

ಮೇಷ್ಟರು ಗೇಟಿನವರೆಗೂ ಹಿಂದೆಯೇ ಬಂದರು, ಪಾರಿವಾಳದ್ದು, ಪಾರಿವಾಳದ್ದು ಎನ್ನುತ್ತಾ. ನಾವು ತಿರುಗಿ ನೋಡಲಿಲ್ಲ.

ಬಾಗಿಲು ತೆಗೆದ ಅಮ್ಮ, ಒಳಗೆ ಬಿಡುವುದಕ್ಕೂ ಮೊದಲು, "ಏನಾಯ್ತು?" ಎಂದರು.

"ಅಲ್ಲೂ ಕೋಳಿ ಇದೆ," ಎಂದೆವು, ಇಬ್ಬರೂ ಒಟ್ಟಿಗೆ.